ಸೀಟಿನ ಮೇಲೊಂದು ದಸ್ತಿ

ಕೆಲವು ತಿಂಗಳ ಹಿಂದೆ ಹಲ್ಲಿನ ವೈದ್ಯರ ಹತ್ತಿರ ಹೋಗಿದ್ದೆ. ಹೆಸರು ಬರೆಸಿ, ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿಗಳಲ್ಲಿ ಒಂದರ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ದವಡೆ ಊದಿಸಿಕೊಂಡ ಒಬ್ಬರು ಬಂದರು. ನನ್ನ ಪಕ್ಕದ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು. ಬರುವವರು ಇದ್ದಾರೆಯೇ ಎಂದು ಅರ್ಧ ಬಾಯಿಯಲ್ಲಿ ಕೇಳಿದರು. "ಹೂಂ, ಬರ್ತಾರೆ" ಎಂದೆ. ಪಾಪ, ಅವರು ದವಡೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು. ಆಮೇಲೆ ನಾನೇ ತಿರುಗಿ ನೋಡಿದರೆ, ಆ ಕುರ್ಚಿಯ ಮೇಲೆ ನನ್ನ ಕರ್ಚೀಪು ನಾಲ್ಕು ಮಡಿಕೆಯಾಗಿ ಕೂತಿತ್ತು. ಯಾವಾಗ ಇಟ್ಟೆನೋ ನನಗೇ ತಿಳಿಯದು. ಬರುವವರು ಯಾರೂ ಇರಲಿಲ್ಲ.

ಇದು ಮೊದಲ ಸಲವೇನೂ ಅಲ್ಲ. ಮದುವೆಯ ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ಕರ್ಚೀಪು ಹಾಕಿ ಬಡಿಸುವವರನ್ನು ಗಲಿಬಿಲಿಗೊಳಿಸಿದ್ದೇನೆ. ನಮ್ಮ ಮನೆಯ ಸೋಫಾದ ಮೇಲೂ ಒಮ್ಮೆ ಹಾಕಿದ್ದೆ. ನಮ್ಮ ಮನೆಯವರು ಪೇಪರು ಹಿಡಿದು ಬಂದವರು ಅದನ್ನು ನೋಡಿ, ಏನೂ ಕೇಳದೆ, ಎದುರಿನ ಕುರ್ಚಿಗೆ ಹೋಗಿ ಕುಳಿತರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಸುಮ್ಮನೆ ಕೂರುವ ವಿದ್ಯೆ ಅವರಿಗೆ ನಿವೃತ್ತಿಗೂ ಮೊದಲೇ ಸಿದ್ಧಿಸಿತ್ತು. ನನಗೆ ಇನ್ನೂ ಬಂದಿಲ್ಲ.

ಅದಕ್ಕೆ ಕಾರಣ ನಮ್ಮಪ್ಪ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಬಳ್ಳಾರಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಗೂಡ್ಸ್ ಗಾಡಿ ಕೂಗಿದರೆ ಸ್ನಾನ, ಪ್ಯಾಸೆಂಜರ್ ಬಂದರೆ ರೊಟ್ಟಿ, ಮತ್ತೊಂದು ಗಾಡಿ ಹೊರಟರೆ ದೀಪ ಆರಿಸುವುದು. ಗಾಡಿ ತಡವಾದ ದಿನ ನಾವು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಸಿಗ್ನಲ್ ಬೀಳುವುದನ್ನೇ ಕಾಯುತ್ತಿದ್ದೆವು. ಅಂಥ ಮನೆಯಿಂದ ಬಂದವಳು ಟೀಚರ್ ಆದರೆ ಏನಾಗುತ್ತದೆ? ಹೆಡ್ ಮಿಸ್ ಆಗುತ್ತಾಳೆ. ಆಮೇಲೆ ಅದೂ ಮುಗಿಯುತ್ತದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಪಿನ್ನು ಹಾಕಿಕೊಂಡ ಮೇಲೆ ನೆನಪಾಗುತ್ತದೆ, ಹೋಗುವ ಜಾಗವೇ ಇಲ್ಲ ಎಂದು.

ನಮ್ಮ ಸತ್ಯನಾರಾಯಣಪೇಟೆಯ ಪಾರ್ಕಿನಲ್ಲಿ ಬೆಳಿಗ್ಗೆ ಯೋಗ ಹೇಳಿಕೊಡುವವರೊಬ್ಬರು ನನ್ನ ಚಡಪಡಿಕೆ ನೋಡಿ, ದಿನನಿತ್ಯದ ಸಣ್ಣ ಸಣ್ಣ ಸಂತೋಷಗಳನ್ನು ಗಮನಿಸಿ ಮೇಡಂ ಎಂದರು. ಆಗಲಿ ಎಂದು ಅದಕ್ಕೂ ಒಂದು ಪೀರಿಯಡ್ ಮಾಡಿದೆ. ಚಹಾ ಆದ ಮೇಲೆ, ಪಾತ್ರೆಯವಳು ಬರುವ ಮೊದಲು, ಮಹಡಿಯ ಮೇಲೆ ನಿಂತು ಸಂತೋಷ. ಮೊದಲ ದಿನ ಎದುರುಮನೆಯ ತಂತಿಯ ಮೇಲೆ ಗುಬ್ಬಿ ಇತ್ತು. ಸರಿ, ಗಮನಿಸಿದೆ. ಮರುದಿನ ಗುಬ್ಬಿ ಬರಲಿಲ್ಲ. ಗೈರುಹಾಜರಾದ ಹುಡುಗನ ಮೇಲೆ ಬರುವ ಸಿಟ್ಟೇ ಬಂತು. ಮೂರನೆಯ ದಿನಕ್ಕೆ ಬಿಸಿಲು ಎಷ್ಟು ಬೇಗ ಏರಿತೆಂದರೆ, ಬಳ್ಳಾರಿಯಲ್ಲಿ ಮಹಡಿಯ ಮೇಲೆ ನಿಂತು ಸಂತೋಷ ಪಡುವುದು ಆಗದ ಮಾತು ಎಂದು ಇಳಿದು ಬಂದೆ.

ಸಣ್ಣ ಸಂತೋಷದ ವಿಷಯ ಬಂದರೆ ನಿಮಗೆ ಮೆಹರುನ್ನಿಸಾಳ ಬಗ್ಗೆ ಹೇಳಲೇಬೇಕು. ಕರ್ಚೀಪಿನ ಮೂಲವೂ ಅವಳೇ.

ನಾವಿಬ್ಬರೂ ಒಂದೇ ವರ್ಷ ಕುರುಗೋಡಿನ ಶಾಲೆಗೆ ಸೇರಿದವರು. ಆಮೇಲೆ ಸಿರುಗುಪ್ಪಕ್ಕೂ ಒಟ್ಟಿಗೇ ವರ್ಗವಾಯಿತು. ಮನೆ ಇಬ್ಬರದೂ ಬಳ್ಳಾರಿಯಲ್ಲೇ, ನನ್ನದು ಇಲ್ಲಿ, ಅವಳದು ಕೌಲ್ ಬಜಾರಿನಲ್ಲಿ. ನಮ್ಮ ಕೆಲಸದ ವರ್ಷಗಳಲ್ಲಿ ಅರ್ಧ ಶಾಲೆಯಲ್ಲಿ ಕಳೆದಿದ್ದರೆ ಇನ್ನರ್ಧ ಬಸ್ಸಿನಲ್ಲಿ ಕಳೆದಿದೆ. ನಾನು ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಬಂದು ನಿಲ್ಲುವವಳು. ಅವಳು ಬಸ್ಸು ಹೊರಟ ಮೇಲೆ ಬರುವವಳು. ಹೀಗಾಗಿ ಸೀಟು ಹಿಡಿಯುವ ಕೆಲಸ ಖಾಯಂ ನನ್ನದು.

ಸೀಟು ಹಿಡಿಯುವುದನ್ನು ನೀವು ಹಗುರವಾಗಿ ತಿಳಿಯಬಾರದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುವವರಿದ್ದಾರೆ, ಚೀಲ ತೂರಿಸುವವರಿದ್ದಾರೆ, ಕೂಸನ್ನೇ ಒಳಗಿಳಿಸಿ ಸೀಟಿನ ಮೇಲೆ ಕೂರಿಸುವವರೂ ಇದ್ದಾರೆ. ಕೂಸನ್ನು ಎತ್ತಿ ಕೂರುವವರನ್ನು ಕಂಡಿದ್ದೇನೆ. ಕರ್ಚೀಪು ಎತ್ತಿ ಕೂರುವವರನ್ನು ಕಂಡಿಲ್ಲ. ಅಂಗೈಯಗಲದ ಆ ಬಟ್ಟೆಗೆ ನಮ್ಮ ಕಡೆಯ ಜನ ಕೊಡುವ ಮರ್ಯಾದೆ ದೊಡ್ಡದು. ಬೈಯುತ್ತಾರೆ, ಗೊಣಗುತ್ತಾರೆ, ಆದರೆ ಮುಟ್ಟುವುದಿಲ್ಲ. ನನ್ನದು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಕರ್ಚೀಪು. ಮೆಹರ್ ಅದನ್ನು 'ದಸ್ತಿ' ಎನ್ನುತ್ತಾಳೆ. ಅವಳ ದಸ್ತಿ ಸದಾ ಮುದ್ದೆ, ಲವಂಗದ ವಾಸನೆ ಬೇರೆ.

ಅವಳನ್ನು ಸ್ಕೂಟರಿನ ಮೇಲೆ ಕರೆತರುತ್ತಿದ್ದವರು ಅವಳ ಗಂಡ ರಸೂಲ್‌ಭಾಯಿ. ಟ್ರಂಕು ಮಾಡುವ ಅಂಗಡಿ ಅವರದು, ತಗಡಿನ ಕೆಲಸ. ಬಸ್ಸು ಇನ್ನೇನು ಹೊರಳಿತು ಎನ್ನುವಷ್ಟರಲ್ಲಿ ಸ್ಕೂಟರು ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ರಸೂಲ್‌ಭಾಯಿ ಇಳಿದು ಬಸ್ಸಿನ ಪಕ್ಕೆಗೆ ಅಂಗೈಯಿಂದ ಒಂದು ಬಾರಿಸಿ, ಸ್ವಲ್ಪ ಬಿಟ್ಟು ಇನ್ನೊಂದು ಬಾರಿಸುತ್ತಿದ್ದರು. ತಗಡು ಬಡಿದೇ ಬದುಕಿದ ಕೈ. ಆ ಸದ್ದು ಡ್ರೈವರುಗಳಿಗೆಲ್ಲ ಗುರುತಾಗಿತ್ತು. ಬಸ್ಸು ನಿಲ್ಲುತ್ತಿತ್ತು. ಮೆಹರ್ ನಿಧಾನಕ್ಕೆ ಹತ್ತಿ ಬರುತ್ತಿದ್ದಳು. ಕಿಟಕಿಯ ಹೊರಗಿನಿಂದ ಅವರು, "ಟೀಚರಮ್ಮಾ, ನಿಮ್ಮ ಸಾಮಾನು ಒಪ್ಪಿಸೀನಿ, ನೋಡ್ಕೋರಿ" ಎಂದು ಹೇಳಿ ಹೋಗುತ್ತಿದ್ದರು.

ಯಾಕೆ ತಡ ಎಂದರೆ ಅವಳ ಬಳಿ ದಿನಕ್ಕೊಂದು ಉತ್ತರ. ದಾರಿಯಲ್ಲಿ ಪೇರಲ ಚೆನ್ನಾಗಿದ್ದವು. ಕುಂಬಾರ ಗುಡ್ಡದ ಮೇಲೆ ಮೋಡ ಕೂತಿತ್ತು, ನಿಂತು ನೋಡಿದೆವು. ಅವರು ಹಳೆ ಹಾಡು ಹೇಳುತ್ತಿದ್ದರು, ಮುಗಿಯಲಿ ಎಂದು ಇನ್ನೊಂದು ಸುತ್ತು ಹಾಕಿದೆವು. ಹಾಡು ಮುಗಿಯಲೆಂದು ಬಸ್ಸು ತಪ್ಪಿಸಿಕೊಳ್ಳುವವರೊಂದಿಗೆ ಯಾವ ಹೆಡ್ ಮಿಸ್ ವಾದ ಮಾಡಬೇಕು ಹೇಳಿ.

ಸಿರುಗುಪ್ಪದ ದಾರಿಯಲ್ಲಿ ಗದ್ದೆ ಶುರುವಾದ ಕೂಡಲೇ ನಾನು ತೊಡೆಯ ಮೇಲೆ ಉತ್ತರಪತ್ರಿಕೆ ಹರಡುತ್ತಿದ್ದೆ. ಮೆಹರ್ ಮೊಣಕೈಯಿಂದ ತಿವಿಯುತ್ತಿದ್ದಳು. "ಅಕ್ಕಾ, ನೋಡ್ರಿ, ಕೊಕ್ಕರಿ ಸಾಲಿಗೆ ಹೊಂಟಾವ." ಟ್ರ್ಯಾಕ್ಟರಿನ ಹಿಂದೆ, ಕೆಸರಲ್ಲಿ, ಬಿಳಿ ಕೊಕ್ಕರೆಗಳು ಶಾಲೆಗೆ ಹೊರಟ ಮಕ್ಕಳಂತೆ ಒಂದರ ಹಿಂದೆ ಒಂದು ನಡೆಯುತ್ತಿದ್ದವು. ನಾನು ಕನ್ನಡಕದ ಮೇಲಿಂದ ನೋಡಿ, "ಲೈನು ಸರಿ ಇಲ್ಲ" ಎಂದು ಮತ್ತೆ ಕೆಂಪು ಪೆನ್ನು ಹಿಡಿಯುತ್ತಿದ್ದೆ. ಅವಳು ಅದಕ್ಕೂ ನಗುತ್ತಿದ್ದಳು. ಊರು ಹತ್ತಿರವಾದಂತೆ ರೈಸ್ ಮಿಲ್ಲುಗಳಿಂದ ಭತ್ತ ಕುದಿಸಿದ ವಾಸನೆ ಬಸ್ಸಿನೊಳಗೆ ನುಗ್ಗುತ್ತಿತ್ತು. ಅವಳು ಕಣ್ಣು ಮುಚ್ಚಿ ಅದನ್ನು ಎಳೆದುಕೊಳ್ಳುತ್ತಿದ್ದಳು. ನಾನು ಕರ್ಚೀಪು ಮೂಗಿಗೆ ಹಿಡಿಯುತ್ತಿದ್ದೆ.

ನನಗೂ ನನ್ನ ಸಂತೋಷಗಳಿದ್ದವು, ಇಲ್ಲವೆಂದಲ್ಲ. ಹೊಸ ಚಾಕ್‌ಪೀಸ್ ಡಬ್ಬಿ ತೆರೆದಾಗ ಒಂದೂ ಮುರಿಯದೆ ನಿಂತ ಸಾಲು. ಪ್ರಾರ್ಥನೆಯಲ್ಲಿ ಕೊನೆಯ ಮಗುವೂ ಒಂದೇ ಉಸಿರಿಗೆ ನಿಲ್ಲಿಸಿದಾಗ ಬೀಳುವ ಆ ಒಂದು ಕ್ಷಣದ ಮೌನ. ಒರೆಸಿದ ಕಪ್ಪುಹಲಗೆ. ನನ್ನ ಸಂತೋಷಗಳೆಲ್ಲ ಗೆರೆ ಎಳೆದಂತಿದ್ದವು. ಶಾಲೆ ಬಿಟ್ಟ ದಿನ ಅವೂ ಅಲ್ಲೇ ಉಳಿದವು. ಅವಳವು ದಾರಿಯಲ್ಲಿ ಬಿದ್ದಿದ್ದಂಥವು, ಯಾವಾಗ ಬೇಕಾದರೂ ಎತ್ತಿಕೊಳ್ಳುವಂಥವು. ನಿವೃತ್ತಿಯಾದ ಮೇಲೆ ಅವಳು ಸುಖವಾಗಿಯೇ ಇದ್ದಳು, ಹೋದ ಮಳೆಗಾಲದ ಕೊನೆಯವರೆಗೆ.

ಆಗ ರಸೂಲ್‌ಭಾಯಿ ತೀರಿಕೊಂಡರು. ಅಂಗಡಿಯಿಂದ ಬಂದು, ನೀರು ಕೇಳಿ, ನೀರು ತರುವಷ್ಟರಲ್ಲಿ ಹೋಗಿದ್ದರು.

ಅವರಲ್ಲಿ ಗಂಡ ಹೋದ ಮೇಲೆ ಹೆಂಗಸರು ಕೆಲವು ತಿಂಗಳು ಮನೆಯಲ್ಲೇ ಇರಬೇಕು; ಇದ್ದತ್ ಎನ್ನುತ್ತಾರೆ. ನಾನು ಪ್ರತಿ ಗುರುವಾರ ಹೋಗಿ ಕುಳಿತು ಬರುತ್ತಿದ್ದೆ. ಅವಳು ಮಾತಾಡುತ್ತಿರಲಿಲ್ಲ, ನನಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಅವಳ ಮನೆಯ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಅಡುಗೆಮನೆಯ ಡಬ್ಬಿಗಳನ್ನು ಜೋಡಿಸಿದೆ. ಒಂದು ಗುರುವಾರ ಅವಳ ಮಗಳು ಶಬಾನಾ ಚಹಾ ಕೊಡುತ್ತಾ, ಆಂಟಿ, ಇನ್ನು ಜೋಡಿಸಲಿಕ್ಕೆ ನಾವಷ್ಟೇ ಉಳಿದಿದ್ದೇವೆ ಎಂದಳು.

ಇದ್ದತ್ ಮುಗಿಯಿತು. ಚಳಿಗಾಲವೂ ಮುಗಿಯಿತು. ಮೆಹರ್ ಹೊರಗೆ ಬರಲಿಲ್ಲ. ಮಗಳು ಕರೆದರೆ ಕಾಲುನೋವು, ತಂಗಿ ಕರೆದರೆ ತಲೆನೋವು. ಸ್ಕೂಟರಿಗೆ ಹೊದಿಸಿದ ಬಟ್ಟೆಯನ್ನು ಯಾರೂ ತೆಗೆಯುವಂತಿಲ್ಲ. ಶಬಾನಾ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಮೆಲ್ಲಗೆ ಹೇಳಿದಳು: "ಅಮ್ಮಿ ಹೊಸ್ತಿಲ ದಾಟವಲ್ಲರು ಆಂಟಿ. ಈಗ ದಾಟಲಿಲ್ಲಂದ್ರ ಮುಂದ ದಾಟೋದೇ ಇಲ್ಲ ಅನಿಸ್ತೈತಿ ನನಗ. ನೀವು ಹೇಳಿದ್ರ ಕೇಳ್ತಾರ."

ನಾನು ಹೇಳಿದರೆ ಅವಳು ಎಂದೂ ಕೇಳಿದವಳಲ್ಲ. ಆದರೂ ಒಳಗೆ ಹೋಗಿ, ಭಾನುವಾರ ಕುರುಗೋಡಿಗೆ ಹೋಗೋಣ ಎಂದೆ. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲಿದೆ. ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮಿರ್ಚಿ. ಅಂಥ ಮಿರ್ಚಿ ಲೋಕದಲ್ಲಿ ಇಲ್ಲ ಎಂದು ಸಾರಿದವಳು ಇವಳೇ. ಸಂಜೆ ಶಾಲೆ ಬಿಟ್ಟ ಮೇಲೆ ಅದಕ್ಕಾಗಿ ನನ್ನ ಎಷ್ಟು ಬಸ್ಸು ತಪ್ಪಿಸಲು ನೋಡಿದ್ದಾಳೋ. ಅವಳು ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು. ನಾನೇ ಆಟೋ ತರುತ್ತೇನೆ ಎಂದೆ.

"ಬ್ಯಾಡ್ರಿ. ನೀವು ಬಂದು ಕರ್ಕೊಂಡು ಹೋದ್ರ ದವಾಖಾನಿಗೆ ಹೋದಂಗ ಆಗ್ತೈತಿ. ನಾನ ಬರ್ತೀನಿ. ನೀವು ಸೀಟು ಹಿಡೀರಿ."

ಭಾನುವಾರ ಬಂತು. ಬೇಕಾದ್ದಕ್ಕಿಂತ ಎಷ್ಟೋ ಮೊದಲು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಕುರುಗೋಡಿನ ಬಸ್ಸು ಬಂದಿತು, ಹತ್ತಿದೆ, ಕಿಟಕಿಯ ಪಕ್ಕ ಅವಳಿಗಾಗಿ ಕರ್ಚೀಪು ಹಾಸಿ ಈಚೆಗೆ ನಾನು ಕುಳಿತೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಭಾನುವಾರ ಬೇರೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಸ್ಸು ತುಂಬಿತು. ನಾನು ಬಾಗಿಲು ನೋಡಿದೆ, ಕಿಟಕಿ ನೋಡಿದೆ, ಮತ್ತೆ ಬಾಗಿಲು ನೋಡಿದೆ. ಫೋನು ಮಾಡಿದರೆ ರಿಂಗಾಯಿತು, ಎತ್ತಲಿಲ್ಲ. ಶಬಾನಾಳಿಗೆ ಮಾಡೋಣವೆಂದುಕೊಂಡೆ, ಅಮ್ಮಿ ಮಲಗಿದ್ದಾರೆ ಎಂಬ ಉತ್ತರ ಬಂದರೆ ಎಂದು ಧೈರ್ಯ ಬರಲಿಲ್ಲ.

ಕುರುಗೋಡಿಗೆ ಹೋಗುವುದು ಬಿಡಿ, ಮಿರ್ಚಿಯೂ ಬಿಡಿ. ಅವಳು ಈವತ್ತು ಬರದಿದ್ದರೆ ನಾನು ಮತ್ತೆ ಕರೆಯುವಂತಿರಲಿಲ್ಲ. ಕರೆದರೂ ಅವಳು ಇನ್ನೊಂದು ನೋವಿನ ಹೆಸರು ಹೇಳುತ್ತಿದ್ದಳು, ನಾನು ಡಬ್ಬಿ ಜೋಡಿಸುತ್ತಿದ್ದೆ. ಹಾಗೇ ಇಬ್ಬರೂ ಮುಗಿದುಹೋಗುತ್ತಿದ್ದೆವು.

ಟೊಮೆಟೊ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ನನ್ನ ಮುಂದೆ ಬಂದು ನಿಂತಳು. ಗಡಿಯಾಚೆಯ ಕಡೆಯವಳು, ತೆಲುಗು. "ಎವರಮ್ಮಾ ವಚ್ಚೇದಿ?" ಎಂದಳು. ನನ್ನ ಗೆಳತಿ ಬರುತ್ತಾಳೆ ಎಂದೆ. ಬರುವವರಾದರೆ ಇಷ್ಟು ಹೊತ್ತಿಗೆ ಬಂದಿರುತ್ತಿದ್ದರು ಎಂದು ಆಕೆ ತೆಲುಗಿನಲ್ಲಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. ಆ ಮಾತು ನನಗೆ ನಾಟಿತು. ನಾನು ಕನ್ನಡದಲ್ಲಿ, ಆಕೆ ತೆಲುಗಿನಲ್ಲಿ, ಒಳ್ಳೆಯ ಜಗಳವೇ ಆಯಿತು. ಹಿಂದಿನ ಸೀಟಿನವರು ಎರಡೂ ಭಾಷೆಯಲ್ಲಿ ಆಕೆಯ ಪರ ನಿಂತರು. ಅಷ್ಟಾದರೂ ಕರ್ಚೀಪನ್ನು ಯಾರೂ ಮುಟ್ಟಲಿಲ್ಲ, ನೋಡಿ.

ಕಂಡಕ್ಟರ್ ಬಂದು, "ಮೇಡಂ, ಮಂದಿ ನಿಂತಾರ, ದಸ್ತಿ ಕೂಡಿಸೀರಿ. ದಸ್ತಿಗೂ ಆಧಾರ್ ಕಾರ್ಡ್ ಐತೇನು?" ಎಂದ. ಬಸ್ಸೆಲ್ಲ ನಕ್ಕಿತು. ಸೀಟಿ ಊದಿದ. ಬಸ್ಸು ಹೊರಳಿತು.

ನಾನು ಕಿವಿ ನೆಟ್ಟು ಕುಳಿತೆ. ಬಸ್ಸಿನ ಪಕ್ಕೆಗೆ ಬೀಳುವ ಆ ಎರಡು ಪೆಟ್ಟಿಗಾಗಿ ಕಾಯುತ್ತಿದ್ದೇನೆ ಎಂಬುದು ಆಗಷ್ಟೇ ತಿಳಿಯಿತು. ಬಡಿಯುವವರು ಎಲ್ಲಿದ್ದಾರೆ ಎನ್ನುವುದೂ ತಿಳಿಯಿತು. ಎದ್ದೆ. ನಿಲ್ಲಿಸಿ ಎಂದೆ. ಇಳಿಯುವವರು ಮೊದಲೇ ಇಳಿಯಬಾರದೇನ್ರಿ ಎಂಬ ಕಂಡಕ್ಟರನ ಮಾತು ಬೆನ್ನಿಗೆ ಬೀಳುತ್ತಿರುವಾಗ ಇಳಿದೆ. ಅಜ್ಜಿ ನನ್ನ ಸೀಟಿನಲ್ಲಿ ಕುಳಿತಳು, ಟೊಮೆಟೊ ಬುಟ್ಟಿ ತೊಡೆಯ ಮೇಲೆ. ಕಿಟಕಿಯ ಪಕ್ಕದ ಸೀಟಿನ ಮೇಲೆ ನನ್ನ ಕರ್ಚೀಪು ಹಾಗೇ ಉಳಿಯಿತು. ಬಸ್ಸು ಹೋಯಿತು. ನನ್ನ ಗಂಜಿ ಹಾಕಿದ ಕರ್ಚೀಪು ನನ್ನನ್ನು ಬಿಟ್ಟು ತಾನೊಂದೇ ಕುರುಗೋಡಿಗೆ ಹೊರಟಿತ್ತು.

ಕೆಲಸದಲ್ಲಿದ್ದಷ್ಟು ವರ್ಷ ಒಂದು ಬಸ್ಸೂ ತಪ್ಪಿಸಿಕೊಳ್ಳದವಳಿಗೆ, ಬಸ್ಸು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಗೆ ಹೋಗಬೇಕೋ, ಕೌಲ್ ಬಜಾರಿಗೆ ಹೋಗಬೇಕೋ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದೆ. ಹಾಗೆ ಅತ್ತ ಹೋದಾಗ, ಪ್ಲಾಟ್‌ಫಾರ್ಮಿನ ತುದಿಯ ದಪ್ಪ ಕಂಬದ ಮರೆಯಲ್ಲಿ, ಸಿಮೆಂಟಿನ ಬೆಂಚಿನ ಮೇಲೆ, ಬುರ್ಖಾ ಹಾಕಿಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಮೆಹರ್ ಕುಳಿತಿದ್ದಳು.

"ನಿಮಗಿಂತ ಮೊದ್ಲ ಬಂದೀನಿ ಅಕ್ಕಾ," ಎಂದಳು.

ಹೆಡ್ ಮಿಸ್ ಬಾಯಿ ತೆರೆದಳು. ಬೈಗುಳ ಪೂರ್ತಿ ತಯಾರಾಗಿತ್ತು, ಪ್ಯಾರಾಗ್ರಾಫ್ ಸಮೇತ. ಅವಳ ಮುಖ ನೋಡಿ ಬಾಯಿ ಮುಚ್ಚಿದೆ. ಪಕ್ಕದಲ್ಲಿ ಕುಳಿತೆ.

"ಬಸ್ಸಿನ ಬಾಗಲ ತನಕಾ ಬಂದೆ. ಎಲ್ಲಾರೂ ಹತ್ತಿದ್ರು. ನೀವು ದಸ್ತಿ ಹಾಕಿದ್ದು ಕಾಣ್ತು. ಇಷ್ಟು ವರ್ಷ ಬಸ್ಸು ನನಗ ಕಾದೈತಿ ಅಕ್ಕಾ. ಇವತ್ತ ನಾ ಬಸ್ಸಿಗೆ ಕಾದೆ. ಹಿಂದಿಂದ ಬಡಿಯೋರು ಇಲ್ಲಂದ್ರ ಹತ್ತೋದು ಹೆಂಗ ಅಂತ ತಿಳೀಲಿಲ್ಲ."

ಬೆಂಚು ಬಿಸಿಯಾಗತೊಡಗಿತ್ತು. ಆದೋನಿಯ ಬಸ್ಸು ಬಂದು ಹೋಯಿತು, ಸಿರುಗುಪ್ಪದ ಬಸ್ಸು ಬಂದು ಹೋಯಿತು. ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅದರ ಮೇಲೆ ಕೈ ಇಟ್ಟು ಹಿಡಿದುಕೊಂಡೆ. ನಾನು ಏನನ್ನೂ ಜೋಡಿಸದೆ ಅವಳ ಪಕ್ಕದಲ್ಲಿ ಕುಳಿತದ್ದು ಅದೇ ಮೊದಲು.

ಕೊನೆಗೆ ಅವಳು, "ಆ ಅಜ್ಜಿ ಕೂಡ ಜಗಳಾಡಿದ್ದು ನೋಡಿದೆ," ಎಂದಳು. ಮತ್ತೆ ಸ್ವಲ್ಪ ಬಿಟ್ಟು, "ಅಕಿದೇ ಖರೇ ಇತ್ತು" ಎಂದಳು. ಆಮೇಲೆ ಗೇಟಿನ ಕಡೆಯ ಕೈಗಾಡಿಯನ್ನು ನೋಡುತ್ತಾ, ಪೇರಲ ಚೆನ್ನಾಗಿ ಕಾಣುತ್ತಿವೆ ಎಂದಳು.

ನಾನು ಎದ್ದು ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕತ್ತರಿಸಿದ ಹಣ್ಣು ತಿನ್ನಬಾರದು ಎಂದು ಮಕ್ಕಳಿಗೆ ಪ್ರತಿ ವರ್ಷ ಪಾಠ ಹೇಳಿದವಳು ನಾನು. ಗಾಡಿಯವನಿಗೆ ಕತ್ತರಿಸಿ ಖಾರ ಹಚ್ಚು ಎಂದೆ. ಮೊದಲ ಹಣ್ಣು ಒಳಗೆ ಬೆಳ್ಳಗಿತ್ತು, ಬೇಡವೆಂದೆ; ಅವಳಿಗೆ ಕೆಂಪು ತಿರುಳಿನದೇ ಆಗಬೇಕು. ಮೂಸಿ ಮೂಸಿ ಇನ್ನೊಂದು ಆರಿಸಿದೆ. ಎಷ್ಟು ಹೊತ್ತು ನಿಂತಿದ್ದೆನೋ. ತಿರುಗಿ ನೋಡಿದರೆ ಬೆಂಚು ಖಾಲಿ.

ಮನೆಗೆ ಹೋಗಿಬಿಟ್ಟಳು, ಇನ್ನು ಬರುವುದಿಲ್ಲ. ಆಟೋ ಸ್ಟ್ಯಾಂಡಿನ ಕಡೆ ನೋಡಿದೆ, ಕಪ್ಪು ಬುರ್ಖಾ ಕಾಣಲಿಲ್ಲ. ಅಷ್ಟರಲ್ಲಿ ಕುರುಗೋಡಿನ ಮುಂದಿನ ಬಸ್ಸು ಪ್ಲಾಟ್‌ಫಾರ್ಮು ಬಿಟ್ಟು ಹೊರಳುತ್ತಿತ್ತು. ಅದರ ಒಂದು ಕಿಟಕಿಯಿಂದ ಒಂದು ಕೈ ಹೊರಗೆ ಬಂದಿತ್ತು. ಕೈಯಲ್ಲಿ ಮುದ್ದೆಯಾದ ದಸ್ತಿ. ಬೀಸುತ್ತಿತ್ತು.

ನಾನು ಓಡಿದೆ. ಇಸ್ತ್ರಿ ಸೀರೆ, ಒಂದು ಕೈಯಲ್ಲಿ ಖಾರ ಹಚ್ಚಿದ ಪೇರಲ. ಇನ್ನೊಂದು ಕೈ ತಾನಾಗಿ ಎದ್ದು ಬಸ್ಸಿನ ಪಕ್ಕೆಗೆ ಎರಡು ಬಾರಿಸಿತು. ಬಸ್ಸು ನಿಂತಿತು. ವಯಸ್ಸಿಗೆ ತಕ್ಕ ಹಾಗೆ ಇರಬೇಕು, ಇಷ್ಟು ಹೊತ್ತು ಎಲ್ಲಿ ಹೋಗಿದ್ದಿರಿ ಎಂದು ಈ ಕಂಡಕ್ಟರನೂ ಬೈದ. ತಡವಾಗಿ ಬಂದು ಬೈಸಿಕೊಳ್ಳುವುದು ನನಗೆ ಹೊಸದು, ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮೆಹರಳ ಪಕ್ಕದ ಸೀಟಿನ ಮೇಲೆ ಅವಳ ಚೀಲ ಇತ್ತು. ಸುತ್ತ ಜನ ನಿಂತಿದ್ದರು. ಅವಳು ಚೀಲ ಎತ್ತಿಕೊಂಡಳು. ನಾನು ಕುಳಿತೆ. ಯಾರೋ ನನಗಾಗಿ ಹಿಡಿದ ಸೀಟಿನಲ್ಲಿ ನಾನು ಕುಳಿತದ್ದು ಯಾವಾಗಲೆಂದು ನೆನೆದರೆ, ನೆನಪಾಗಲಿಲ್ಲ.

ಪೇರಲ ಕೊಟ್ಟೆ. ಅವಳು ತಿನ್ನಲಿಲ್ಲ, ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರು ದಾಟುವವರೆಗೂ ಹಾಗೇ ಇದ್ದಳು.

"ಬಡಿದವರು ನೀವೇನು?" ಎಂದಳು, ಮುಖ ತಿರುಗಿಸದೆ.

"ಹೂಂ."

"ಸರಿ ಆಗ್ಲಿಲ್ಲ ಅಕ್ಕಾ. ನೀವು ಬಾಗಲಾ ಬಡಿದಂಗ ಬಡಿದ್ರಿ. ಒಂದು ಬಡೀಬೇಕು, ಸ್ವಲ್ಪ ಬಿಡಬೇಕು, ಆಮ್ಯಾಲ ಇನ್ನೊಂದು. ಹಿಂಗ."

ಪಕ್ಕದ ತಗಡಿನ ಮೇಲೆ ಅಂಗೈಯಿಂದ ಬಾರಿಸಿ ತೋರಿಸಿದಳು. ಒಂದು. ಆಮೇಲೆ ಒಂದು. ಅದೇ ಸದ್ದು.

ಡ್ರೈವರ್ ಬ್ರೇಕು ಹಾಕಿದ. ನಿಂತವರೆಲ್ಲ ಮುಂದಕ್ಕೆ ವಾಲಿದರು. ಎರಡೂ ಕಡೆ ಹೊಲ, ಒಂದು ಗಿಡವೂ ಇಲ್ಲದ ಜಾಗದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಮುಂದಿನಿಂದ ಕೂಗಿದ, ಯಾರು ಇಳಿಯುವವರು, ಯಾರು ಬಡಿದವರು ಎಂದು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನಮ್ಮನ್ನೇ ನೋಡಿದರು.

ಮೆಹರ್ ಅಷ್ಟು ಹೊತ್ತು ಹಿಡಿದುಕೊಂಡಿದ್ದ ಪೇರಲದ ಒಂದು ಹೋಳನ್ನು ಥಟ್ಟನೆ ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದೆ. ಮಗ್ಗಿ ತಪ್ಪು ಹೇಳಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನಗುತ್ತಿದ್ದಳು, ಕಣ್ಣಿನಲ್ಲಿ ನೀರು ಬರುವಂತೆ. ಅದು ಖಾರಕ್ಕೂ ಇರಬಹುದು.

ಕಂಡಕ್ಟರ್ ಹತ್ತಿರ ಬಂದು ನನ್ನ ಮುಖ ನೋಡಿದ. ಹೆಡ್ ಮಿಸ್ ಆಗಿದ್ದಷ್ಟು ಕಾಲ ತಪ್ಪು ಮಾಡಿದವರನ್ನು ಎದ್ದು ನಿಲ್ಲಿಸಿದವಳು ನಾನು. ಪೇರಲದ ಹೋಳೊಂದನ್ನು ಬಾಯಿಗಿಟ್ಟುಕೊಂಡು, ಹಿಂದಿನವರು ಯಾರೋ ಇರಬೇಕು ಎಂದು ಕೈಯಲ್ಲೇ ಸನ್ನೆ ಮಾಡಿದೆ.